ಹುಂಜ ಕಾಲಿಡದ ಮನೆ

ಗುಲಾಬಿ ಅನ್ನುವುದು ಹುಂಜದ ಹೆಸರು. ನಗಬೇಡಿ, ಹೆಸರಿಡುವಾಗ ಅದು ಹುಂಜ ಅಂತ ಗೊತ್ತಿದ್ದರೆ ತಾನೇ! ಎರಡು ಸಾವಿರದ ಒಂದನೇ ಇಸವಿ. ಚಳ್ಳಕೆರೆ ಬಸ್ ಸ್ಟ್ಯಾಂಡಿನ ಮುಂದೆ ಬುಟ್ಟಿಗಳಲ್ಲಿ ಬಣ್ಣ ಅದ್ದಿದ ಕೋಳಿಮರಿ ಮಾರುತ್ತಿದ್ದರು. ಹಸಿರು, ಹಳದಿ, ಗುಲಾಬಿ. ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಮಿಷನ್ ನೋಡಿಕೊಳ್ಳುವ ಈರೇಶ, ಹೊಸದಾಗಿ ಮದುವೆಯಾದ ಹುರುಪಿನಲ್ಲಿ, ಹೆಂಡತಿಗೆ ಹೂವಿನ ಜೊತೆಗೆ ಒಂದು ಗುಲಾಬಿ ಬಣ್ಣದ ಮರಿಯನ್ನೂ ಅಂಗಿ ಜೇಬಿನಲ್ಲಿಟ್ಟುಕೊಂಡು ಬಂದ. ಇಂಥವು ಎರಡು ದಿನ ಬದುಕಿದರೆ ಹೆಚ್ಚು ಅಂತ ವಠಾರದವರೆಲ್ಲ ಹೇಳಿದರು. ಆದರೆ ಸ್ವಪ್ನ ಅದನ್ನು ಸಾಯಲು ಬಿಡಬೇಕಲ್ಲ!

ಗಂಡ ಹೆಂಡತಿ ಇಬ್ಬರೂ ದೇವಸಮುದ್ರದ ಕಡೆಯ ಕುರಿ ಹಟ್ಟಿಗಳಲ್ಲಿ ಹುಟ್ಟಿದವರು. ಆ ಹಟ್ಟಿಗಳಲ್ಲಿ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ. ಕೋಳಿ ಓಡಾಡಿದ ಮನೆಯಲ್ಲಿ ಹಿರಿಯರು ನೀರೂ ಮುಟ್ಟುವುದಿಲ್ಲ. ಹಾಗಾಗಿ ಕೋಳಿ ಸಾಕುವುದು ಹೇಗೆ ಅಂತ ಸ್ವಪ್ನಳಿಗೆ ಹೇಳಿಕೊಟ್ಟವರೇ ಇರಲಿಲ್ಲ. ಅವಳಿಗೆ ಬರುತ್ತಿದ್ದದ್ದು ಕುರಿಮರಿ ಸಾಕುವುದು. ಸರಿ, ಅದನ್ನೇ ಮಾಡಿದಳು. ಹತ್ತಿಯಲ್ಲಿ ಹಾಲು ಅದ್ದಿ ಕುಡಿಸಲು ಹೋದಳು, ಅದು ಹತ್ತಿಯನ್ನೇ ಕುಕ್ಕಿತು. ಕಾಲಿಗೆ ದಾರ ಕಟ್ಟಿ, ಗೂಟ ಹೊಡೆದು, ಬಾಗಿಲ ಮುಂದೆ ಮೇಯಲು ಬಿಟ್ಟಳು. ಸಂಜೆಯಾದರೆ ಕುರಿ ಕರೆಯುವ ಹಾಗೆ ನಾಲಿಗೆ ಹೊರಳಿಸಿ ಕರೆದು ಒಳಗೆ ಕಟ್ಟುತ್ತಿದ್ದಳು. ತವರಿನಿಂದ ಅವಳ ಹಿಂದೆಯೇ ಬಂದಿದ್ದ ಕೆಂಚ ಅನ್ನುವ ನಾಯಿಗೆ ಕಾಯಲು ಕುರಿಯಿಲ್ಲದೆ ಬೇಜಾರಾಗಿತ್ತು. ಅದು ಈ ಒಂದು ಕೋಳಿಯನ್ನೇ ಒಂದು ಮಂದೆ ಅಂದುಕೊಂಡು ಕಾಯತೊಡಗಿತು. ಮೊಟ್ಟೆ ಇಡುತ್ತದೆ ಅಂತ ಆರು ತಿಂಗಳು ಕಾದರು. ಒಂದು ಬೆಳಿಗ್ಗೆ ಗುಲಾಬಿ ಕತ್ತು ಚಾಚಿ ಕೂಗಿದ ಕೂಗಿಗೆ ಈರೇಶ ಮಂಚದಿಂದ ಕೆಳಗೆ ಬಿದ್ದ.

"ಲೇ ಸ್ವಪ್ನ, ಇದು ಗಂಡು ಕಣೇ!"

"ಆಗ್ಲಿ ಬಿಡ್ರಿ. ಹೆಸರು ಮಾತ್ರ ಬದಲಾಯ್ಸಲ್ಲ," ಅಂದಳು ಸ್ವಪ್ನ.

ಮನೆ ಮಾಲೀಕ ಚಿಕ್ಕಬಸಪ್ಪ ಶೇಂಗಾ ವ್ಯಾಪಾರಿ, ಲಿಂಗ ಕಟ್ಟಿದವರು. "ಸಾಕ್ಕೊಳ್ರವ್ವ, ಆದ್ರೆ ನನ್ನ ಕಾಂಪೌಂಡಿನಾಗೆ ಕುಯ್ಯಂಗಿಲ್ಲ ನೋಡು," ಅಂದಿದ್ದರು. ಕುಯ್ಯುವ ಮಾತು ಕೇಳಿಯೇ ಸ್ವಪ್ನಳ ಮುಖ ಬಿಳಿಚಿಕೊಂಡಿದ್ದನ್ನು ನೋಡಿ ಮತ್ತೆ ಆ ಸುದ್ದಿ ಎತ್ತಲಿಲ್ಲ.

ಹೀಗೆ ನಾಲ್ಕು ಜೀವ ಸುಖವಾಗಿದ್ದವು. ಈರೇಶ ಮಿಲ್ಲಿಗೆ ಹೋಗಿ ಎಣ್ಣೆ ವಾಸನೆ ಹೊತ್ತು ಬರುವುದು, ಸ್ವಪ್ನ ಓಣಿಯವರ ರವಿಕೆ ಹೊಲಿಯುವುದು, ಮಿಷನ್ನಿನ ಸದ್ದಿಗೆ ಗುಲಾಬಿ ತಲೆ ಕುಣಿಸುವುದು, ಕೆಂಚ ನಿದ್ದೆ ಹೊಡೆಯುವುದು. ಅಷ್ಟರಲ್ಲಿ ಈರೇಶನ ಅವ್ವ ರೇಣುಕಮ್ಮನ ಕಣ್ಣಿಗೆ ಪೊರೆ ಬಂತು. ಬಂದದ್ದು ಅಂದೇ ಅಲ್ಲ, ಮೂರು ವರ್ಷದಿಂದ ಬೆಳೆಯುತ್ತಿತ್ತು. ಹಠಮಾರಿ ಹೆಂಗಸು, ಯಾರಿಗೂ ಹೇಳದೆ ತಡವಿಕೊಂಡು ಬದುಕುತ್ತಿದ್ದಳು. ಕೊನೆಗೆ ಹಿಂಡಿನ ಮರಿಗೂ ಕಲ್ಲಿಗೂ ವ್ಯತ್ಯಾಸ ತಿಳಿಯದೆ ಎಡವಿ ಬಿದ್ದಾಗ ವಿಷಯ ಹೊರಬಿತ್ತು. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಬಲಗಣ್ಣಿನ ಆಪರೇಷನ್ ಅಂತ ಗೊತ್ತಾಯಿತು. ಆಮೇಲೆ ಹದಿನೈದು ದಿನ ಕಣ್ಣಿಗೆ ಹೊಗೆ ದೂಳು ಸೋಕಬಾರದು, ದಿನಕ್ಕೆ ನಾಲ್ಕು ಸಲ ಔಷಧಿ ಬಿಡಬೇಕು, ತಪ್ಪಿದರೆ ಕಣ್ಣೇ ಹೋಗುತ್ತದೆ ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಹಟ್ಟಿಯಲ್ಲಿ ಹೊಗೆ ದೂಳು ಬಿಟ್ಟು ಬೇರೇನಿದೆ? ಮಗನ ಮನೆಯಲ್ಲೇ ಇರಬೇಕು.

ಮಗನ ಮನೆಯಲ್ಲಿ ಗುಲಾಬಿ ಇತ್ತು. ಅವ್ವನಿಗೆ ಅದು ಗೊತ್ತಿರಲಿಲ್ಲ.

ಈರೇಶ ಹೆದರುಪುಕ್ಕಲ. ಒಳ್ಳೆಯವನು, ಆದರೆ ಅವ್ವ ಅಂದರೆ ಬೆವರುತ್ತಿದ್ದ. ಆಪರೇಷನ್ ಆದ ದಿನ ಮಧ್ಯಾಹ್ನ ಸ್ವಪ್ನ ಬಟ್ಟೆ ಒಗೆದು ಬರುವಷ್ಟರಲ್ಲಿ ಗೂಟದಲ್ಲಿ ದಾರ ಮಾತ್ರ ಇತ್ತು.

"ಗುಲಾಬಿ ಎಲ್ಲಿ?"

"ಯರ್ರಪ್ಪನ ಮನೇಲಿ ಬಿಟ್ಟು ಬಂದೆ. ಹದಿನೈದು ದಿನ ಅಷ್ಟೇ. ಮನೆ ಸಾರ್ಸಿ ಬಿಟ್ರೆ ಅವ್ವಂಗೆ ಏನು ಗೊತ್ತಾಗ್ತೈತೆ? ಕಣ್ಣು ಬೇರೆ ಕಟ್ಟಿರ್ತಾರೆ."

ಸ್ವಪ್ನ ಬಟ್ಟೆಯ ಬಕೀಟನ್ನು ದಪ್ಪನೆ ಇಟ್ಟಳು. "ಅಲ್ರೀ, ನಿಮಗೆ ಸ್ವಲ್ಪನಾದ್ರೂ ಬುದ್ಧಿ ಐತಾ? ಕಣ್ಣು ಕಟ್ಟಿರೋರನ್ನ ಕೈ ಹಿಡ್ಕೊಂಡು, ಅವ್ರು ಜೀವಮಾನದಾಗೆ ಕಾಲಿಡದ ಕಡೆ ಕಾಲಿಡ್ಸೋದಾ? ನಾನು ಗುಲಾಬೀನ ಬಿಡಲ್ಲ ಅನ್ನೋದು ಬೇರೆ. ಇದು ಬೇರೆ. ಇದು ಮೋಸ."

ಚಪ್ಪಲಿ ಮೆಟ್ಟಿ ಹೊರಟೇ ಬಿಟ್ಟಳು. ಹಿಂದೆ ಕೆಂಚ. ಮಿಲ್ಲಿನ ಗೆಳೆಯ ಯರ್ರಪ್ಪನ ಹೆಂಡತಿ ಬಾಗಿಲಲ್ಲೇ ಕೂತು ಕೊತ್ತಂಬರಿ ಬೀಜ ಹುರಿಯುತ್ತಿದ್ದಳು. "ಎಷ್ಟು ದಪ್ಪ ಬೆಳ್ಸಿದ್ದೀಯಕ್ಕ ಇದನ್ನ," ಅಂದಳು, ಬಾಯಲ್ಲಿ ನೀರೂರಿಸಿಕೊಂಡು. ಸ್ವಪ್ನ ಗುಲಾಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಮನೆಗೆ ತಂದು ಗೂಟಕ್ಕೆ ಕಟ್ಟಿದಳು. ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋದಳು.

ರೇಣುಕಮ್ಮ ಕಬ್ಬಿಣದ ಮಂಚದ ಮೇಲೆ ಅಂಗಾತ ಮಲಗಿದ್ದಳು. ಬಲಗಣ್ಣಿಗೆ ದಪ್ಪ ಕಟ್ಟು, ಎಡಗಣ್ಣಿನಲ್ಲೂ ಮಂಜು.

"ಅತ್ತೆ, ನಾನು, ಸ್ವಪ್ನ. ಒಂದು ಮಾತು ಹೇಳ್ಬೇಕು. ನಮ್ಮನೇಲಿ ಹುಂಜ ಐತೆ. ಒಂದು ವರ್ಷ ಆತು."

ಮುದುಕಿ ಕಾಲು ಕೆಳಗೆ ಬಿಟ್ಟು ಎದ್ದು ಕೂತಳು. "ನನ್ನ ಗಂಟು ಎಲ್ಲಿ? ದೇವಸಮುದ್ರದ ಬಸ್ಸಿಗೆ ಹತ್ಸು."

"ಕಣ್ಣು ಹೋಗ್ತೈತೆ ಅತ್ತೆ."

"ಹೋಗ್ಲಿ. ಕಣ್ಣಿಗಾಗಿ ನಮ್ಮ ಹಿರೇರ ಕಟ್ಟು ಮುರೀತೀನಾ? ನೀನು ಮುರ್ದಿದ್ದೀಯ, ನಿನ್ನ ಗಂಡ ಮುರ್ದವ್ನೆ. ನಾನು ಮುರಿಯಲ್ಲ."

ಹಿಂದೆಯೇ ಬಂದಿದ್ದ ಈರೇಶ ಬಾಗಿಲಲ್ಲಿ ನಿಂತು, "ಅವ್ವ, ಲಾಡ್ಜ್ ಮಾಡೋಣ," ಅಂದ.

"ಥೂ, ಲಾಡ್ಜಿನಾಗೆ ಯಾರ್ಯಾರು ಏನೇನು ತಿಂದಿರ್ತಾರೋ! ಸುಮ್ನಿರಲೇ."

ಸ್ವಪ್ನ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಬಿಡಿಸಿಕೊಳ್ಳಲು ನೋಡಿದರೂ ಬಿಡಲಿಲ್ಲ. "ಇದೊಂದಿನ ಇಲ್ಲಿರ್ರಿ. ನಾಳೆ ಸಂಜೆಗೆ ಹುಂಜ ಕಾಲಿಡದ ಮನೆಗೆ ಕರ್ಕೊಂಡು ಹೋಗ್ತೀನಿ. ಹೋಗ್ದಿದ್ರೆ ನಾನೇ ನಿಮ್ಮನ್ನ ಬಸ್ಸಿಗೆ ಹತ್ತುಸ್ತೀನಿ."

"ಅಂಥ ಮನೆ ಈ ಊರಾಗೆ ಎಲ್ಲಿ ಐತೆ?"

"ಇಲ್ಲ. ಕಟ್ತೀನಿ."

ಆಸ್ಪತ್ರೆಯಿಂದ ಹೊರಗೆ ಬಂದಾಗ ಈರೇಶ, "ನಿನಗೇನು ತಲೆಗಿಲೆ ಕೆಟ್ಟೈತಾ?" ಅಂತ ಕೇಳಿದ. ಕೆಟ್ಟಿರಲಿಲ್ಲ. ಸ್ವಪ್ನ ಹತ್ತು ವರ್ಷದವಳಿದ್ದಾಗ ತನ್ನ ಅಜ್ಜ ದೊಡ್ಡಪಾಲಯ್ಯನ ಜೊತೆ ಕುರಿ ಹಿಂದೆ ಆಂಧ್ರದ ಗಡಿಯಾಚೆಗೆ ವಲಸೆ ಹೋಗುತ್ತಿದ್ದಳು. ಎಲ್ಲಿ ಬೀಡು ಬಿಟ್ಟರೆ ಅಲ್ಲಿ, ಹೊತ್ತು ಮುಳುಗುವುದರೊಳಗೆ ಅಜ್ಜ ಮಲಗಲು ಒಂದು ಗುಡ್ಲು ಎಬ್ಬಿಸುತ್ತಿದ್ದ. ಅಜ್ಜ ಮಾಡುತ್ತಿದ್ದದ್ದನ್ನು ತಾನು ಮಾಡಲಾರೆನೇ? ಅಷ್ಟೇ ಅವಳ ಲೆಕ್ಕಾಚಾರ.

ಚಿಕ್ಕಬಸಪ್ಪನವರ ಮನೆಯ ಆಚೆ ಬದಿಗೆ, ಗೋಡೆ ಹಾಕಿದ ಒಂದು ಖಾಲಿ ಜಾಗವಿತ್ತು. ಸುಗ್ಗಿಯಲ್ಲಿ ಶೇಂಗಾ ಒಣಗಿಸುತ್ತಿದ್ದರು. ಸ್ವಪ್ನ ಹೋಗಿ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದಳು. ಚಿಕ್ಕಬಸಪ್ಪ ಗಲ್ಲ ಕೆರೆದುಕೊಂಡರು. ಒಳಗಿನಿಂದ ಅವರ ಹೆಂಡತಿ ಬಸವಲಿಂಗಮ್ಮನೇ ಉತ್ತರ ಕೊಟ್ಟರು. "ಅದ್ಯಾಕೆ ಯೋಚ್ನೆ ಮಾಡ್ತೀರಿ? ಅತ್ತೆ ಕಣ್ಣಿಗೆ ಸೊಸೆ ಇಷ್ಟು ಒದ್ದಾಡೋದು ನಾನಂತೂ ನೋಡಿಲ್ಲ. ಕಟ್ಟಿಕೊ ಹೋಗವ್ವ. ನಮ್ಮ ಹೊಲದ ಜೋಳದ ದಂಟು ಐತೆ, ತಗೊ. ನೀರು ನಮ್ಮ ನಲ್ಲೀದು ಹಿಡ್ಕೊ."

ಮಾರನೆಯ ದಿನ ಬೆಳಗಾಗುತ್ತಲೇ ಶುರು. ಈರೇಶ ಮಿಲ್ಲಿಗೆ ರಜೆ ಹಾಕಿ ಬಿದಿರು ಗಳ ತಂದ. ಗಳ ನೆಟ್ಟು, ತುದಿ ಬಾಗಿಸಿ ಕಟ್ಟಿ, ದಂಟು ಹೊದಿಸಿದರು. ಹನ್ನೊಂದು ಗಂಟೆಗೆ ಗುಡ್ಲು ಎದ್ದು ನಿಂತಿತು, ಹನ್ನೊಂದೂಕಾಲಿಗೆ ದಬಾರನೆ ಮಲಗಿತು. ಈರೇಶ ಅದರೊಳಗೇ ಇದ್ದ. ದಂಟಿನ ಸಂದಿಯಿಂದ ತಲೆ ಹೊರಹಾಕಿ, "ಬಿಟ್ಟುಬಿಡೋಣ ಕಣೇ. ಅವ್ವನ ಕಾಲು ಹಿಡ್ಕೋತೀನಿ, ಒಪ್ಕೋತಾಳೆ," ಅಂದ.

"ಕಾಲು ಆಮೇಲೆ ಹಿಡ್ಕೊಳ್ರಿ. ಈಗ ಈ ಗಳ ಹಿಡ್ಕೊಳ್ರಿ."

ಎಲ್ಲಿ ತಪ್ಪಿದೆ ಅಂತ ಸ್ವಪ್ನ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತಳು. ಅಜ್ಜನ ಕೈ ನೆನಪಿಗೆ ಬಂತು, ಆ ಕೈ ಹಗ್ಗವನ್ನು ಗಳದ ಸುತ್ತ ಎರಡು ಸುತ್ತು ಹಾಕಿ ಒಳಗಿಂದ ಎಳೆಯುತ್ತಿತ್ತು. ತಾನು ಹೊರಗಿಂದ ಎಳೆದಿದ್ದಳು. ಎಲ್ಲವನ್ನೂ ಬಿಚ್ಚಿ ಮತ್ತೆ ಮೊದಲಿನಿಂದ ಕಟ್ಟಿದಳು. ಅಂಗೈ ಬೊಬ್ಬೆ ಎದ್ದು ಒಡೆಯಿತು. ನೆಲಕ್ಕೆ ಸಗಣಿ ಸಾರಿಸಿದಳು, ಚಳ್ಳಕೆರೆಯ ಬಿಸಿಲಿಗೆ ಗಂಟೆಯೊಳಗೆ ಒಣಗಿತು. ದಂಟಿನ ದೂಳು ಕಣ್ಣಿಗೆ ಉದುರಬಾರದಲ್ಲ, ತನ್ನ ನಾಲ್ಕು ಸೀರೆಗಳನ್ನು ಮಿಷನ್ನಿನಲ್ಲಿ ಒಂದಕ್ಕೊಂದು ಹೊಲಿದು ಒಳಗೆಲ್ಲ ಪರದೆ ಕಟ್ಟಿದಳು. ಮದುವೆಯ ಸೀರೆಯೂ ಅದರಲ್ಲಿತ್ತು. ಗುಡ್ಲಿನ ಸುತ್ತ ಜಾಲಿಮುಳ್ಳಿನ ಬೇಲಿ. ಹೊಸ ಮಡಕೆ, ಹೊಸ ಚಾಪೆ.

ಸಂಜೆ ಆಟೋದಿಂದ ಇಳಿದ ರೇಣುಕಮ್ಮ ಬೇಲಿಯ ಹೊರಗೇ ನಿಂತಳು.

"ಕೋಳಿ ಅಂದ್ರೆ ಊರೆಲ್ಲ ಕೆದರ್ಕೊಂಡು ತಿರುಗೋ ಜಾತಿ. ಇಲ್ಲಿ ಕಾಲಿಟ್ಟಿಲ್ಲ ಅಂತ ಹೆಂಗೆ ಹೇಳ್ತೀಯ?"

"ಅದು ತಿರುಗಲ್ಲ ಅತ್ತೆ. ಗೂಟಕ್ಕೆ ಕಟ್ಟಿ ಮೇಯಿಸ್ತೀನಿ."

"ಏನನ್ನ?"

"ಹುಂಜಾನ."

"ಗೂಟಕ್ಕೆ?"

"ಹೂಂ. ಕುರಿಮರಿ ಕಟ್ಟಿದಂಗೆ. ದಾರ ಮೂರು ಮೊಳ. ಅದು ನಮ್ಮನೆಗೆ ಬಂದಾಗಿಂದ ಎಲ್ಲೆಲ್ಲಿ ಕಾಲಿಟ್ಟೈತೆ ಅಂತ ನಾನು ಗೆರೆ ಎಳ್ದು ತೋರುಸ್ತೀನಿ. ನಿನ್ನೆ ಒಂದು ಸಲ ಯರ್ರಪ್ಪನ ಮನೆಗೆ ಹೋಗಿ ಬಂತು, ಅದೂ ಕಂಕುಳಾಗೆ."

ಮುದುಕಿಯ ತುಟಿ ಒಂದು ಕಡೆಗೆ ಎಳೆಯಿತು. ನಗೆಯೋ ಬೈಗುಳವೋ ಈರೇಶನಿಗೆ ತಿಳಿಯಲಿಲ್ಲ. ಅವಳು ಕೈ ಚಾಚಿ ಗುಡ್ಲನ್ನು ಮುಟ್ಟಿದಳು. ಗಳ ತಡವಿದಳು, ಗಂಟುಗಳನ್ನು ಒಂದೊಂದಾಗಿ ಬೆರಳಿನಿಂದ ನೋಡಿದಳು. ಸುತ್ತ ಒಂದು ಸುತ್ತು ಬಂದಳು.

"ಗಂಟು ಸರಿಯಾಗಿ ಹಾಕಿದ್ದೀಯ. ಬಾಗಿಲು ತಪ್ಪು. ಪಡುವಲ ಗಾಳಿಗೆ ಎದುರಾಗಿ ಬಾಗಿಲು ಇಡ್ತಾರೇನೇ? ದೂಳೆಲ್ಲ ನನ್ನ ಕಣ್ಣಿಗೇ ಬರ್ತೈತೆ."

ಸ್ವಪ್ನಳಿಗೆ ಅಳು ಬಂತು. ಬೆಳಗಿನಿಂದ ಒಂದು ಲೋಟ ಟೀ ಬಿಟ್ಟು ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ತನ್ನ ಮನೆಯಿಂದ ಓಡಾಡಲು ಹತ್ತಿರವಾಗಲಿ ಅಂತ ಬಾಗಿಲನ್ನು ಆ ಕಡೆ ಇಟ್ಟಿದ್ದಳು. ಮೂಗು ಒರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಕೂತ್ಕೊಳ್ರಿ ಅತ್ತೆ. ಅರ್ಧ ಗಂಟೆ," ಅಂದು ಮೂಡಣದ ಕಡೆಗೆ ದಂಟು ಕತ್ತರಿಸತೊಡಗಿದಳು. ಹಳೆಯ ಬಾಗಿಲನ್ನು ಈರೇಶ ಮುಚ್ಚಿದ. ಕೆಲಸ ಮುಗಿದಾಗ ರೇಣುಕಮ್ಮ ತಲೆ ತಗ್ಗಿಸಿ ಒಳಗೆ ಹೋಗಿ, ಚಾಪೆಯ ಮೇಲೆ ಕೂತು, "ನೀರು ಕೊಡು," ಅಂದಳು.

ಅಲ್ಲಿಂದ ಮನೆ ಎರಡಾಯಿತು. ಸ್ವಪ್ನ ಸ್ನಾನ ಮಾಡಿ ಗುಡ್ಲಿಗೆ ಹೋದರೆ ಅತ್ತೆಯ ಜೊತೆಗೇ ಉಣ್ಣುವುದು, ಅಲ್ಲೇ ಮಲಗುವುದು. ಹೆಂಚಿನ ಮನೆಯಲ್ಲಿ ಈರೇಶ ಮತ್ತು ಗುಲಾಬಿ, ಇಬ್ಬರು ಗಂಡಸರು, ತಾವೇ ಬೇಯಿಸಿದ ಸೀದ ಅನ್ನ ಹಂಚಿಕೊಂಡರು. ಕೆಂಚನಿಗೆ ಮಾತ್ರ ಯಾವ ಕಟ್ಟಳೆಯೂ ಇರಲಿಲ್ಲ, ಎರಡೂ ಕಡೆ ತಿಂದು ದಪ್ಪಗಾಯಿತು. ಮೊದಲ ಮೂರು ದಿನ ರೇಣುಕಮ್ಮ ಸೊಸೆಯ ಜೊತೆ ಹೂಂ, ಉಹೂಂ ಬಿಟ್ಟು ಮಾತಾಡಲಿಲ್ಲ. ಸ್ವಪ್ನಳೂ ಮೇಲೆ ಬಿದ್ದು ಮಾತಾಡಿಸಲಿಲ್ಲ. ಹೊತ್ತಿಗೆ ಸರಿಯಾಗಿ ಕಟ್ಟು ಸರಿಸಿ, ಉಸಿರು ಬಿಗಿಹಿಡಿದು, ಕಣ್ಣಿಗೆ ಔಷಧಿಯ ಹನಿ ಬಿಡುತ್ತಿದ್ದಳು. ನಾಲ್ಕನೆಯ ಬೆಳಿಗ್ಗೆ ದಣಿದು ನಿದ್ದೆ ಹೋಗಿದ್ದವಳನ್ನು ಅತ್ತೆಯೇ ತಿವಿದು ಎಬ್ಬಿಸಿದಳು.

"ಏಳೇ, ಔಷಧಿ ಹೊತ್ತಾತು. ನಿನ್ನ ಕುರಿಮರಿ ಕೂಗ್ತಾ ಐತೆ."

ಇಬ್ಬರೂ ನಕ್ಕರು. ಅತ್ತೆ ನಕ್ಕರೆ ಕಣ್ಣಿಗೆ ಪೆಟ್ಟಾದೀತು ಅಂತ ಸ್ವಪ್ನ ಹೆದರಿ ಅವಳ ತಲೆ ಹಿಡಿದುಕೊಂಡಳು, ಅದಕ್ಕೆ ಮುದುಕಿ ಇನ್ನಷ್ಟು ನಕ್ಕಳು.

ಹದಿನಾರನೆಯ ದಿನ ಡಾಕ್ಟರು ಕಟ್ಟು ಬಿಚ್ಚಿ, ಗೋಡೆಯ ಮೇಲಿನ ಅಕ್ಷರ ತೋರಿಸಿದರು. ರೇಣುಕಮ್ಮನಿಗೆ ಓದು ಬಾರದು. ಅವಳು ಗೋಡೆ ಬಿಟ್ಟು ಪಕ್ಕದಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿ ನೋಡಿದಳು, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ಮದುವೆ ದಿನವೂ ನನಗೆ ನಿನ್ನ ಮುಖ ಸರಿಯಾಗಿ ಕಂಡಿರ್ಲಿಲ್ಲ ಕಣೇ," ಅಂದಳು. "ಕೆಂಪು ಸೀರೆ ಒಂದು ಓಡಾಡ್ತಾ ಐತೆ ಅಂತ ಅಷ್ಟೇ ಕಂಡಿತ್ತು. ಚೆನ್ನಾಗಿದ್ದೀಯ."

ಸ್ವಪ್ನ ಆಸ್ಪತ್ರೆ ಅಂತಲೂ ನೋಡದೆ ಬಿಕ್ಕಿ ಬಿಕ್ಕಿ ಅತ್ತಳು. ಸಂತೋಷಕ್ಕೇ ಅತ್ತಳು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು. ರೇಣುಕಮ್ಮ ಕಪ್ಪು ಕನ್ನಡಕ ಹಾಕಿಕೊಂಡು, ಗಂಟು ಕಟ್ಟಿಕೊಂಡು, ಬೇಲಿಯ ಹತ್ತಿರ ನಿಂತಳು. ಮಗನ ಮನೆಯ ಹೊಸ್ತಿಲನ್ನು ಅವಳು ಕೊನೆಗೂ ದಾಟಲಿಲ್ಲ, ದಾಟಿರಿ ಅಂತ ಸ್ವಪ್ನಳೂ ಕರೆಯಲಿಲ್ಲ. ಈರೇಶ ಆಟೋ ತರಲು ಹೋಗಿದ್ದ. ಸುಮ್ಮನೆ ನಿಂತಿರಲಾರದೆ ಸ್ವಪ್ನ ಜಾಲಿಮುಳ್ಳನ್ನು ಒಂದೊಂದಾಗಿ ಕಿತ್ತು ಒಂದು ಕಡೆ ಹಾಕತೊಡಗಿದಳು.

"ಏನು ಮಾಡ್ತಾ ಇದ್ದೀಯ?"

"ಗುಡ್ಲು ಬಿಚ್ತೀನಿ ಅತ್ತೆ. ಚಿಕ್ಕಬಸಪ್ಪಣ್ಣಾರು ಶೇಂಗಾ ಒಣಗಿಸ್ಬೇಕಲ್ಲ."

"ಅವ್ರ ಹತ್ರ ನಾನು ಮಾತಾಡಿದೀನಿ. ಮುಳ್ಳು ಇದ್ದಲ್ಲೇ ಹಾಕು," ಅಂದಳು ರೇಣುಕಮ್ಮ. "ಇನ್ನೊಂದು ಕಣ್ಣು ಐತಲ್ಲ ನನಗೆ."