ಹಳ್ಳದ ಬಾಯಿ

ವಿಹ್ರಾ ತನ್ನ ಸಾವಿನ ಸುದ್ದಿಯನ್ನು ಓದಿದ್ದು ಹಾಲಿನಂಗಡಿಯ ಬಾಗಿಲ ಮೇಲೆ. ಕಪ್ಪು ಅಂಚು, ನಡುವೆ ಅವಳ ಫೋಟೊ, ಕೆಳಗೆ ‘ನಮ್ಮನ್ನೆಲ್ಲ ಅಗಲಿದ್ದಾಳೆ’. ಊರಲ್ಲಿ ಯಾರು ಸತ್ತರೂ ಇಂಥದೇ ಹಾಳೆ ಬಾಗಿಲಿಗೆ, ಮರಕ್ಕೆ, ಬಸ್ ನಿಲ್ದಾಣಕ್ಕೆ ಅಂಟುತ್ತದೆ. ಅಂಗಡಿಯಿಂದ ಹಳ್ಳದವರೆಗೆ ಒಂದೊಂದು ಪೋಪ್ಲರ್ ಮರದ ಮೇಲೂ ಅವಳು ಸತ್ತಿದ್ದಳು. ಅಂಟು ಇನ್ನೂ ಹಸಿಯಾಗಿತ್ತು. ಕಿತ್ತುಹಾಕಲು ಕೈ ಎತ್ತಿದವಳು, ಯಾರಾದರೂ ನೋಡಿಯಾರೆಂದು ಕೈ ಇಳಿಸಿ ನಡೆದಳು.

ಹಳ್ಳದ ಬಾಯಿಗೆ ಅಡ್ಡಲಾಗಿ ಗ್ಯಾರೇಜುಗಳ ಸಾಲು. ಅವಳಪ್ಪನ ಕಾಲದಲ್ಲಿ ಹಳ್ಳಕ್ಕೆ ಮಣ್ಣು ತುಂಬಿ, ಮೇಲೆ ತಗಡು ಹೊದಿಸಿ ಕಟ್ಟಿದ್ದು. ಅಲ್ಲಿ ಕಾರು ನಿಲ್ಲಿಸುವವರು ಕಡಿಮೆ. ವೈನಿನ ಪೀಪಾಯಿ, ಉಪ್ಪಿನಕಾಯಿ ಜಾಡಿ, ಹರಿದ ಸೋಫಾ, ಹೆಂಡತಿಯ ಜೊತೆ ಜಗಳವಾಡಿ ಬಂದ ಗಂಡಸರು, ಎಲ್ಲಕ್ಕೂ ಅದೇ ಜಾಗ. ಎರಡು ವರ್ಷದ ಹಿಂದೆ ತಿಂಗಳ ಮಳೆಯೆಲ್ಲ ಒಂದೇ ಸಂಜೆ ಸುರಿದಾಗ, ನೀರು ಈ ಸಾಲಿನ ಹಿಂದೆ ಕಟ್ಟಿಕೊಂಡು, ಆಮೇಲೆ ಅದನ್ನು ಒಡೆದುಕೊಂಡು ಕೆಳಗಿನ ಬೀದಿಗೆ ನುಗ್ಗಿತ್ತು. ಐದು ಜನ ಮನೆಯೊಳಗೇ ಮುಳುಗಿ ಸತ್ತರು. ಕೊಚ್ಚಿಹೋದ ಗ್ಯಾರೇಜುಗಳನ್ನು ಜನ ಮತ್ತೆ ಕಟ್ಟಿಕೊಂಡರು, ಈ ಸಲ ಕಾಂಕ್ರೀಟು ಹಾಕಿ.

ನಗರಸಭೆಗೆ ಮೂವತ್ತು ವರ್ಷದ ಯೋಜನೆ ಬರೆದುಕೊಟ್ಟವಳು ವಿಹ್ರಾ. ಗುಡ್ಡದ ಮೇಲೆ ನೀರು ಇಂಗುವ ಹುಲ್ಲುಗಾವಲು, ಬೀದಿಬೀದಿಗೆ ನೆರಳು, ಹಳ್ಳದುದ್ದಕ್ಕೂ ವಿಲೋ ಮರ. ಸಭೆಗಳಲ್ಲಿ ಜನರ ಮುಖ ನೋಡಲಾರದೆ ಅದನ್ನೆಲ್ಲ ಅವಳು ನಕ್ಷೆಗೇ ಹೇಳಿಕೊಂಡಿದ್ದಳು. ಗ್ಯಾರೇಜು ಕೆಡವಿ ಹಳ್ಳದ ಬಾಯಿ ಬಿಡಿಸದೆ ಅದರಲ್ಲಿ ಯಾವುದೂ ಶುರುವಾಗುವಂತಿರಲಿಲ್ಲ. ಚುನಾವಣೆ ಎದುರಿಗಿದ್ದ ಮೇಯರ್ ಚೌಕದಲ್ಲಿ ನಿಂತು ಮಾತು ಕೊಟ್ಟುಬಿಟ್ಟಿದ್ದರು: “ಒಂದೇ ಒಂದು ಹನಿ ರಕ್ತ ಬಿದ್ದರೂ ಕೆಲಸ ನಿಲ್ಲಿಸ್ತೀನಿ. ಮತ್ತೆ ಈ ಯೋಜನೆಯ ಸುದ್ದಿ ಎತ್ತೋದಿಲ್ಲ.”

ಗ್ಯಾರೇಜಿನವರಿಗೆ ಈಗ ಬೇಕಾಗಿದ್ದದ್ದು ಒಂದು ಹನಿ ರಕ್ತ.

ಮೊದಲ ಗ್ಯಾರೇಜು ಅವಳ ಚಿಕ್ಕಪ್ಪ ಸ್ತ್ರಾಹಿಲ್‌ನದು. ಅವನು ಬಾಗಿಲಲ್ಲೇ ಕೂತು ಕೆಂಪು ಮೆಣಸಿನಕಾಯಿ ಸುಡುತ್ತಿದ್ದ. ಸುಟ್ಟ ಮೆಣಸು, ಟೊಮೆಟೊ ಅರೆದು ಕುದಿಸಿದ ಲ್ಯುತೆನಿತ್ಸದ ಜಾಡಿಗಳು ಪಕ್ಕದಲ್ಲಿ ತಣ್ಣಗಾಗಿ ನಿಂತಿದ್ದವು. ಹಿಂದೆ ಕಬ್ಬಿಣದ ಕೊಳವೆ, ಸಲಿಕೆ ಹಿಡಿದ ಜನ. ಎದುರಿಗೆ ನಗರಸಭೆಯ ಅಗೆಯುವ ಯಂತ್ರ, ಗುರಾಣಿ ಹಿಡಿದ ಪೊಲೀಸರು.

“ಬಂದಳು ನೋಡ್ರಪ್ಪ ಸತ್ತವಳು!” ಪಕ್ಕದ ಗ್ಯಾರೇಜಿನ ತ್ಸೋನಾ ಕೂಗಿದಳು. “ಸತ್ತಮೇಲೇನೇ ಮುಖಕ್ಕೆ ಸ್ವಲ್ಪ ಕಳೆ ಬಂದಿರೋದು.”

“ಫೋಟೊ ಕೊಟ್ಟಿದ್ದು ನಾನೇ,” ಅಂದ ಚಿಕ್ಕಪ್ಪ. “ಚೆನ್ನಾಗಿ ಬಂದಿದೆ ಅಲ್ವಾ?”

“ಏಳು ಚಿಕ್ಕಪ್ಪ. ಜಾಡಿಗಳನ್ನ ನಾನೇ ಹೊತ್ತು ಆಚೆ ಇಡ್ತೀನಿ.”

“ಇಲ್ಲಿ ಮೊದಲ ತಗಡು ನಿಮ್ಮಪ್ಪ, ನಾನು ಸೇರಿ ಹೊದಿಸಿದ್ದು ಕಣೇ. ಅವನಿದ್ದಿದ್ರೆ ನಿನ್ನ ಕಾಲು ಮುರೀತಿದ್ದ.”

“ಇನ್ನೊಂದು ಅಂಥ ಮಳೆ ಬಂದರೆ ಕೆಳಗೆ ಶಿಶುವಿಹಾರ…”

“ಮಳೆ ಬರಿಸೋನು ನಾನೇನೇ?”

ಅಗೆಯುವ ಯಂತ್ರ ಮುಂದೆ ಸರಿಯಿತು. ಮೊದಲ ಕಲ್ಲು ಅದರ ಗಾಜು ಪುಡಿಮಾಡಿತು. ಆಮೇಲೆ ಯಾರು ಯಾರಿಗೆ ಹೊಡೆದರೋ ಲೆಕ್ಕವಿಲ್ಲ. ಸಲಿಕೆಗಳು ಪೊಲೀಸರ ಗುರಾಣಿಗೆ ಅಪ್ಪಳಿಸಿದವು. ಮುದುಕನೊಬ್ಬ ಪೊಲೀಸನ ಕಿವಿ ಹಿಡಿದು ನೇತಾಡಿದ. ಲಾಠಿಗಳು ತೊಡೆಗೆ, ಮೀನಖಂಡಕ್ಕೆ, ಹಿಮ್ಮಡಿಗೆ ಬಿದ್ದವು.

“ತಲೆಗೆ ಬೇಡ್ರೋ! ಕಾಲಿಗೆ, ಕಾಲಿಗೆ!” ಸಾರ್ಜೆಂಟ್ ಯಾನಾಕಿ ಗಂಟಲು ಹರಿಯುವಂತೆ ಕಿರುಚುತ್ತಿದ್ದ.

ವಿಹ್ರಾ ಚಿಕ್ಕಪ್ಪನ ತೋಳು ಹಿಡಿದು ಎಳೆದಳು. ಅವನು ಬಗ್ಗಿ, ಕೈಗೆ ಸಿಕ್ಕ ಜಾಡಿ ಎತ್ತಿ ಅವಳ ನೆತ್ತಿಯ ಮೇಲೆ ಒಡೆದ.

ಅವಳು ಮಂಡಿಯೂರಿ ಬಿದ್ದಳು. ತಣ್ಣನೆಯ ಲ್ಯುತೆನಿತ್ಸ ಕಣ್ಣಿನ ಮೇಲಿಂದ ಇಳಿಯಿತು. ಅದರಡಿಯಲ್ಲಿ ಇನ್ನೊಂದು, ಬೆಚ್ಚಗೆ, ಕಿವಿಯ ಹಿಂದಿನಿಂದ ಕತ್ತಿಗೆ ಇಳಿಯುತ್ತಿತ್ತು.

“ರಕ್ತ! ರಕ್ತ!” ಇಡೀ ಸಾಲು ಹಬ್ಬ ಬಂದಂತೆ ಕೂಗಿತು. ಯಂತ್ರ ನಿಂತಿತು. ಯಾನಾಕಿ ಒಂದು ಕೈಯಲ್ಲಿ ಫೋನು ಹಿಡಿದು ಓಡಿಬಂದ. ಆ ತುದಿಯಲ್ಲಿ ಮೇಯರ್.

“ಮೇಡಂ, ಏನಿದು? ರಕ್ತಾನಾ?”

“ರಕ್ತಾನೇ!” ಚಿಕ್ಕಪ್ಪ ಎರಡೂ ಕೈ ಮುಂದೆ ಚಾಚಿದ. “ನಾನೇ ಹೊಡೆದಿದ್ದು. ಹಾಕಿ ಬೇಡಿ!”

ವಿಹ್ರಾ ಕೂದಲೊಳಗೆ ಬೆರಳು ಹಾಕಿ ತೋಡಿ ಬಾಯಿಗಿಟ್ಟುಕೊಂಡಳು. ಮೆಣಸು, ಹೊಗೆ, ಕಬ್ಬಿಣದ ರುಚಿ. ಗಾಜಿನ ಚೂರೊಂದು ನಾಲಿಗೆಗೆ ಚುಚ್ಚಿತು. ಅದನ್ನು ಕೆನ್ನೆಯ ಕಡೆಗೆ ಒತ್ತಿಟ್ಟು, ಉಳಿದದ್ದನ್ನು ನುಂಗಿದಳು.

“ಲ್ಯುತೆನಿತ್ಸ,” ಅಂದಳು. “ಈ ಸಲ ಉಪ್ಪು ಸಾಲದು, ಚಿಕ್ಕಪ್ಪ.”

ಪೊಲೀಸರಲ್ಲಿ ಯಾರೋ ನಕ್ಕರು. ಯಾನಾಕಿ ಅವಳ ಕತ್ತು ನೋಡಿದ, ಮುಖ ತಿರುಗಿಸಿ ಫೋನಿಗೆ ಹೇಳಿದ: “ತಿನ್ನೋ ಪದಾರ್ಥ ಸಾರ್. ಏನೂ ಆಗಿಲ್ಲ.”

ಯಂತ್ರ ಮತ್ತೆ ಗುಡುಗಿತು. ಸ್ತ್ರಾಹಿಲ್ ಅದರ ಹಲ್ಲುಗಳ ಕೆಳಗೆ ನುಗ್ಗಿದ. ಇಬ್ಬರು ಪೊಲೀಸರು ಅವನನ್ನು ಎಳೆದರು. ಅವನು ಒಬ್ಬನ ಹೆಬ್ಬೆರಳನ್ನು ಮೂಳೆ ಸಿಗುವವರೆಗೆ ಕಚ್ಚಿದ. ಕಚ್ಚಿಸಿಕೊಂಡವನಿಗೆ ಸಾರ್ಜೆಂಟನ ಮಾತು ಮರೆತುಹೋಯಿತು. ಲಾಠಿ ಮೂರು ಸಲ ಎದ್ದು ಹಣೆಯ ಮೇಲೆಯೇ ಬಿತ್ತು. ಹುಬ್ಬಿನವರೆಗೆ ಚರ್ಮ ಬಾಯಿ ತೆರೆದುಕೊಂಡಿತು. ಚಿಕ್ಕಪ್ಪನ ಮೈಮೇಲೆ ಎಲ್ಲೂ ಲ್ಯುತೆನಿತ್ಸ ಇರಲಿಲ್ಲ.

ಅವನು ತೆವಳುತ್ತ ಅವಳ ಕಾಲ ಬಳಿ ಬಂದ. “ನೋಡೇ! ಈಗ ಹೇಳು, ಇದನ್ನೇನಂತೀಯ?”

ಜನ ಅವಳ ಕಡೆ ತಿರುಗಿದರು. ಯಾನಾಕಿಯ ಕೈಯಲ್ಲಿ ಫೋನು ಇನ್ನೂ ಮಾತಾಡುತ್ತಿತ್ತು. ಅವನೂ ಅವಳನ್ನೇ ನೋಡಿದ. ಅಷ್ಟೊಂದು ಕಣ್ಣುಗಳು ತನ್ನ ಮೇಲೆ ನೆಟ್ಟಾಗ ವಿಹ್ರಾ ಯಾವತ್ತೂ ನೆಲ ನೋಡುತ್ತಿದ್ದಳು. ಇವತ್ತು ನೆಲದಲ್ಲೇ ಚಿಕ್ಕಪ್ಪನಿದ್ದ. ಅಪ್ಪನದೇ ಮೂಗು, ಅಪ್ಪನದೇ ಗಲ್ಲ. ಇಳಿಜಾರಿನ ಕೆಳಗೆ ಶಿಶುವಿಹಾರದ ಅಂಗಳದಲ್ಲಿ ಯಾರೋ ಪುಟ್ಟಪುಟ್ಟ ಹಾಸಿಗೆಗಳನ್ನು ಬಿಸಿಲಿಗೆ ಹರವಿದ್ದರು.

“ಲ್ಯುತೆನಿತ್ಸ,” ಅಂದಳು. ಬಾಯಿ ತೆರೆದಾಗ ಅವಳ ತುಟಿಯ ಅಂಚಿನಿಂದಲೂ ಕೆಂಪು ಇಳಿಯಿತು.

ಚಿಕ್ಕಪ್ಪ ಅವಳನ್ನು ನೋಡುತ್ತಲೇ ಇದ್ದ. ಯಂತ್ರದ ಹಲ್ಲು ತಗಡಿನೊಳಗೆ ಇಳಿಯಿತು, ಒಳಗೆ ಸಾಲುಸಾಲು ಜಾಡಿಗಳು ಸಿಡಿದವು, ಕಾಂಕ್ರೀಟು ಗೋಡೆ ಹಳ್ಳದ ಕಡೆಗೆ ಮಗುಚಿಕೊಂಡಿತು. ಧೂಳು ಇಳಿಯುವ ಮೊದಲೇ ಅವನು ಎದ್ದು, ಬಾಯಿ ತುಂಬ ಇದ್ದದ್ದನ್ನೆಲ್ಲ ಅವಳ ಮುಖಕ್ಕೆ ಉಗಿದ.

ವಿಹ್ರಾ ಒರೆಸಿಕೊಳ್ಳಲಿಲ್ಲ. ಯಂತ್ರದವನ ಕಡೆ ತಿರುಗಿ, ಬೆರಳೆತ್ತಿ ತ್ಸೋನಾಳ ಗ್ಯಾರೇಜನ್ನು ತೋರಿಸಿದಳು.