ತಿಳಿನೀಲಿಯವು

ಸೂಕ್ಷ್ಮದರ್ಶಕದ ಮುಂದಿನ ಸ್ಟೂಲು ಇನ್ನೂ ಮಗಳ ಎತ್ತರಕ್ಕೇ ಇದೆ. ಅವಳು ಅಪ್ಪನ ಹಾಗೆ ಉದ್ದ. ನಾನು ಕೂತರೆ ಕಾಲು ನೆಲಕ್ಕೆ ತಾಗುವುದಿಲ್ಲ.

“ತಗ್ಗಿಸ್ಕೋಬಾರದಾ ಅಕ್ಕ? ಮೊದಲ ದಿನ ಶಾಲೆಗೆ ಬಂದ ಮಗು ಥರ ಕಾಣ್ತೀರ” ಎಂದು ಪಕ್ಕದ ಮೇಜಿನವಳು ದಿನಾ ನಗುತ್ತಾಳೆ.

“ಇರಲಿ ಬಿಡೇ, ಸೊಂಟಕ್ಕೆ ಒಳ್ಳೇದು” ಅನ್ನುತ್ತೇನೆ.

ನಮ್ಮ ಲ್ಯಾಬಿನಲ್ಲಿ ರೋಗಿಯ ರಕ್ತದ ಜೀವಕೋಶಗಳನ್ನೇ ತೆಗೆದು, ರೋಗದೊಂದಿಗೆ ಸೆಣಸಲು ತಯಾರು ಮಾಡಿ, ಮತ್ತೆ ಅದೇ ಮೈಗೆ ಕಳಿಸುತ್ತಾರೆ. ಕಳಿಸುವ ಮುಂಚೆ ಎಷ್ಟು ಬದುಕಿವೆ, ಎಷ್ಟು ಸತ್ತಿವೆ ಎಂದು ಎಣಿಸುವುದು ನನ್ನ ಕೆಲಸ. ನೀಲಿ ಬಣ್ಣ ಹಾಕಿದರೆ ಬದುಕಿದ ಕೋಶ ಅದನ್ನು ಹೊಸ್ತಿಲಲ್ಲೇ ತಡೆಯುತ್ತದೆ. ಸತ್ತದ್ದು ಒಳಗೆ ಬಿಟ್ಟುಕೊಂಡು ತಾನೂ ನೀಲಿಯಾಗುತ್ತದೆ. ಎರಡು ಕೈಯಲ್ಲಿ ಎರಡು ಎಣಿಕೆಯ ಗುಂಡಿ, ಒತ್ತಿದಂತೆ ಅಂಕಿ ಏರುವಂಥವು: ಬದುಕಿದ್ದಕ್ಕೆ ಬಲಗೈಯದು, ಸತ್ತದ್ದಕ್ಕೆ ಎಡಗೈಯದು. ಮಗಳು ಸಣ್ಣವಳಿದ್ದಾಗ ಅಂಥ ಹಳೇ ಗುಂಡಿಯೊಂದನ್ನು ಮನೆಗೆ ತಂದುಕೊಟ್ಟಿದ್ದೆ. ಬಸ್ಸಿನ ಕಿಟಕಿಗೆ ಮೂಗು ಒತ್ತಿ ಅದರಲ್ಲಿ ಬೀದಿನಾಯಿಗಳನ್ನು ಎಣಿಸುತ್ತಿದ್ದಳು. ದೊಡ್ಡವಳಾಗಿ ಈ ಸ್ಟೂಲಿನ ಮೇಲೆಯೇ ಕೆಲಸ ಕಲಿತಳು. ಈಗ ದೂರದ ಊರಿನಲ್ಲಿರುವ ನಮ್ಮದೇ ಹೊಸ ಲ್ಯಾಬಿನಲ್ಲಿದ್ದಾಳೆ.

ಅಲ್ಲಿ ಕೆಲಸ ಶುರುವಾಗಬೇಕಾದರೆ ಎರಡೂ ಕಡೆಯ ಲೆಕ್ಕ ಹೊಂದಬೇಕು. ಒಟ್ಟಿಗೇ ಹೆಪ್ಪುಗಟ್ಟಿಸಿದ ಕೋಶಗಳ ಶೀಷೆಗಳು ಇಲ್ಲಿಗೂ ಬಂದವು, ಅಲ್ಲಿಗೂ ಹೋದವು. ಇಲ್ಲಿ ಎಣಿಸುವವಳು ನಾನು, ಅಲ್ಲಿ ಅವಳು. ಹೊಂದದಿದ್ದರೆ ಹೊಸ ಲ್ಯಾಬನ್ನು ಸದ್ಯಕ್ಕೆ ನಿಲ್ಲಿಸಿ ಅಲ್ಲಿಯವರನ್ನು ಇಲ್ಲಿಗೇ ಕರೆಸಿಕೊಳ್ಳುತ್ತಾರೆ. ಅಂದರೆ ಮಗಳು ಮನೆಗೆ ಬರುತ್ತಾಳೆ.

ಲೆಕ್ಕ ಒಪ್ಪಿಸುವ ತನಕ ತಾಯಿ ಮಗಳು ಮಾತಾಡಕೂಡದು ಎಂದು ಮೇಲಿನವರು ಹೇಳಿದ್ದರು.

“ನಿಮ್ಮಿಬ್ಬರ ಬಾಯಿಗೆ ಬೀಗ ಹಾಕೋರು ಅಂತೂ ಹುಟ್ಟಿದ್ರಲ್ಲ” ಎಂದು ಮನೆಯಲ್ಲಿ ಇವರು ನಕ್ಕರು. ಊಟಕ್ಕೆ ಕೂತಾಗ ಮಾತ್ರ ನನ್ನ ಫೋನಿನ ಕಡೆಗೇ ನೋಡುತ್ತಿದ್ದರು.

ಎಣಿಸುವ ದಿನ ಶೀಷೆಯನ್ನು ಬೆಚ್ಚಗಿನ ನೀರಿನಲ್ಲಿ ಆಡಿಸಿ ಕರಗಿಸಿದೆ. ಬಣ್ಣ ಬೆರೆಸಿ, ಚೌಕ ಗೆರೆಗಳ ಗಾಜಿನ ಮೇಲೆ ಬಿಟ್ಟೆ. ಬಹುಪಾಲು ಕೋಶಗಳಲ್ಲಿ ತಕರಾರಿರಲಿಲ್ಲ. ಕೆಲವು ಮಾತ್ರ ತಿಳಿನೀಲಿ. ಸತ್ತಿವೆ ಎನ್ನಲು ಮನಸ್ಸು ಬಾರದು, ಬದುಕಿವೆ ಎನ್ನಲು ಧೈರ್ಯ ಸಾಲದು. ಇಂಥವನ್ನು ಸತ್ತವುಗಳ ಲೆಕ್ಕಕ್ಕೇ ಹಾಕಬೇಕೆಂದು ಅವಳಿಗೆ ಕಲಿಸಿದವಳು ನಾನೇ. “ಇನ್ನೊಬ್ಬರ ಮೈಗೆ ಹೋಗೋದು ಕಣೇ. ನಮ್ಮ ಅನುಮಾನ ನಮ್ಮ ಹತ್ರಾನೇ ಉಳೀಲಿ.”

ಬಲಗೈ ಬೆರಳು ಗುಂಡಿಯ ಮೇಲೆ ನಿಂತಿತು. ಇವನ್ನೆಲ್ಲ ಬದುಕಿದವುಗಳಿಗೆ ಸೇರಿಸಿದರೆ ನನ್ನ ಲೆಕ್ಕ ಏರುತ್ತದೆ, ಅವಳದು ಕೆಳಗೇ ಉಳಿಯುತ್ತದೆ. ನನಗೆ ಹಾಗೆ ಕಂಡಿತು ಎಂದರಾಯಿತು. ಬಾಗಿಲಿಗೆ ಅಡ್ಡವಾಗಿ ಬಿಟ್ಟ ಅವಳ ಚಪ್ಪಲಿ, ಬಚ್ಚಲ ಜಾಲರಿಯಲ್ಲಿ ಅವಳ ಕೂದಲು, ನಾನು ಬೈಯುವುದು, ಅವಳು ಕೇಳಿಸಿದರೂ ಕೇಳಿಸದಂತೆ ಹಾಡಿಕೊಳ್ಳುವುದು, ಎಲ್ಲ ಆ ಬೆರಳಿನ ಕೆಳಗಿತ್ತು. ಅವಳಿರುವ ಊರಿನಲ್ಲಿ ಈ ಔಷಧಕ್ಕಾಗಿ ಕಾಯುತ್ತಿರುವವರ ಮನೆಯಲ್ಲೂ ಯಾರೋ ಹೀಗೆಯೇ ಬಾಗಿಲು ನೋಡುತ್ತಿರಬೇಕು.

ಎಡಗೈಯ ಗುಂಡಿ ಒತ್ತಿದೆ. ಮುಂದಿನದಕ್ಕೂ ಎಡಗೈ.

ಲೆಕ್ಕ ಹೊಂದಿತು. ಆ ಸಂಜೆ ಒಗೆದ ಬಟ್ಟೆ ಹರವುತ್ತಿದ್ದಾಗ ಫೋನು ಬಂತು.

“ಅಮ್ಮ, ಆ ತಿಳಿನೀಲಿಯವನ್ನ ಏನ್ ಮಾಡ್ದೆ?”

“ಸತ್ತವಕ್ಕೇ ಹಾಕ್ದೆ. ನೀನು?”

“ನಾನೂ ಅಷ್ಟೇ. ಬೈಬೇಡ. ಬದುಕಿರೋವಕ್ಕೆ ಹಾಕಿಬಿಟ್ರೆ ಮನೆಗೆ ಬರಬಹುದಲ್ಲ ಅಂತ ಒಂದು ಗಳಿಗೆ ಕೈ ನಿಂತಿತ್ತು.”

ಒದ್ದೆ ದಿಂಬಿನ ಚೀಲ ಹಿಡಿದು ನಿಂತಲ್ಲೇ ನಿಂತೆ.

“ನಂದೂ ನಿಂತಿತ್ತು ಕಣೇ” ಎಂದೆ.

“ಅಯ್ಯೋ ಅಮ್ಮ, ಇಬ್ರೂ ಹಾಗೇ ಹಾಕಿದ್ರೂ ಲೆಕ್ಕ ಹೊಂದಿಬಿಡ್ತಿತ್ತಲ್ಲ.”

ಇಬ್ಬರಿಗೂ ನಗು ಬಂತು. ಅವಳದು ಮೊದಲು ನಿಂತಿತು.

“ರಜಕ್ಕೆ ಬರ್ತೀನಮ್ಮ.”

“ರಜಕ್ಕೆ ಬರೋರು ನೆಂಟರು.”

“ಹಾಗಾದ್ರೆ ನೆಂಟರ ಥರ ನೋಡ್ಕೋ. ಪಾತ್ರೆ ತೊಳೆಸ್ಬೇಡ.”

“ತೊಳೆಸ್ತೀನಿ” ಎಂದೆ. “ನೀನು ಬರೋ ತನಕ ಒಂದು ರಾಶಿ ಎತ್ತಿಟ್ಟಿರ್ತೀನಿ.”

ಮರುದಿನ ಲ್ಯಾಬಿನಲ್ಲಿ ಪಕ್ಕದವಳು ತಗ್ಗಿಸಲೆಂದು ಸ್ಟೂಲಿನ ಹಿಡಿಗೆ ಕೈ ಹಾಕಿದಳು. ಬೇಡವೆಂದು ಹತ್ತಿ ಕೂತೆ.