ನೀರು ಮುಟ್ಟದ ಕೈ

ಮೊದಲ ಸಲ ಕಳಿಸಿದ ಬೆರಳಚ್ಚು ತಿರುಗಿ ಬಂತು. ಗೆರೆಗಳು ಸ್ಪಷ್ಟವಾಗಿಲ್ಲ, ಮತ್ತೆ ಕಳಿಸಿ ಎಂದಷ್ಟೇ ಜೊತೆಯ ಚೀಟಿಯಲ್ಲಿತ್ತು.

ನನ್ನ ತಂಗಿ ತೀರಿಕೊಂಡ ಮೇಲೆ ಅವಳ ಮಗಳು ಊರಿನ ಮಕ್ಕಳ ನಿಲಯದಲ್ಲಿದ್ದಳು. ಮಗುವಿನ ಅಪ್ಪ ಅವಳು ಹುಟ್ಟುವ ಮೊದಲೇ ಬಿಟ್ಟುಹೋಗಿದ್ದ. ಅವಳನ್ನು ನಾವಿರುವ ಪರದೇಶಕ್ಕೆ ಕರೆಸಿಕೊಳ್ಳುತ್ತೇನೆಂದು ನಾನು ಊರಿನ ಕೋರ್ಟಿಗೆ ಬರೆದುಕೊಂಡಿದ್ದೆ. ಎಲ್ಲ ಕಾಗದಗಳೂ ಸೇರಿ ಕೊನೆಗೆ ಉಳಿದದ್ದು ಇದೊಂದೇ. ಈ ದೇಶಕ್ಕೆ ಬರುವ ಮೊದಲು ನಾವು ಬೇರೊಂದು ದೇಶದಲ್ಲಿ ಕೆಲಸ ಮಾಡಿಕೊಂಡಿದ್ದೆವು. ಅಲ್ಲಿ ನನ್ನ ಮೇಲೆ ಯಾವ ಮೊಕದ್ದಮೆಯೂ ಇರಲಿಲ್ಲವೆಂದು ಅಲ್ಲಿನ ಪೊಲೀಸರು ಬರೆದುಕೊಡಬೇಕಿತ್ತು. ಅದಕ್ಕೆ ನನ್ನ ಹತ್ತೂ ಬೆರಳಿನ ಅಚ್ಚು ಬೇಕಿತ್ತು. ಮುಂದಿನ ವಿಚಾರಣೆಯೊಳಗೆ ಅದು ಸೇರದಿದ್ದರೆ ನನ್ನ ಅರ್ಜಿಯನ್ನು ಮುಚ್ಚಿ, ಮಗುವನ್ನು ಬೇರೆಯವರಿಗೆ ದತ್ತು ಕೊಡುವ ಪಟ್ಟಿಗೆ ಸೇರಿಸುತ್ತಾರೆಂದು ವಕೀಲರು ತಿಳಿಸಿದ್ದರು.

ಇಲ್ಲಿನ ಪೊಲೀಸ್ ಠಾಣೆಗೆ ಎರಡನೆಯ ಸಲ ಹೋದಾಗ ಬೆರಳಚ್ಚಿನವನು ನನ್ನ ಕೈಯನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದ.

"ಈ ಬೆರಳಲ್ಲಿ ಬ್ಯಾಂಕು ದೋಚಿದ್ರೂ ಯಾರಿಗೂ ಗೊತ್ತಾಗಲ್ಲ," ಎಂದ.

ನಾನು ನಗಲಿಲ್ಲ. ಪೊಲೀಸ್ ಠಾಣೆಯಲ್ಲಿ ಯಾವ ಮಾತಿಗೆ ನಗಬಹುದು, ಯಾವುದಕ್ಕೆ ನಗಬಾರದು ಎಂಬುದು ನನಗೆ ಇವತ್ತಿಗೂ ತಿಳಿಯದು. ಯಾರ ಚಮಚವನ್ನೂ ಕದ್ದವಳಲ್ಲ ನಾನು. ಆದರೂ ಅಲ್ಲಿ ಕೂತರೆ ಏನೋ ಮಾಡಿದ್ದೇನೆ, ನೆನಪಾಗುತ್ತಿಲ್ಲ ಅಷ್ಟೇ ಅನ್ನಿಸುತ್ತಿತ್ತು.

"ಏನು ಕೆಲಸ ನಿಮ್ಮದು?"

"ಆಸ್ಪತ್ರೆ ಬಟ್ಟೆ ಒಗೆಯೋದು. ಮನೇಲಿ ಅತ್ತೆ ಇದ್ದಾರೆ, ಹಾಸಿಗೆ ಹಿಡಿದಿದ್ದಾರೆ. ಅವರ ಸ್ನಾನ, ಬಟ್ಟೆ ಎಲ್ಲ ನಾನೇ."

ಅವನು ಮಸಿ ಸವರಿ ನನ್ನ ಹೆಬ್ಬೆರಳನ್ನು ಹಾಳೆಯ ಮೇಲೆ ಉರುಳಿಸಿದ. ಚೆನ್ನಾಗಿ ಬರಲಿ ಎಂದು ನಾನೂ ಒತ್ತಿದೆ.

"ನೀವು ಒತ್ಬೇಡಿ. ಕೈಯನ್ನ ನನಗೆ ಬಿಡಿ."

ಬಿಡಲು ನೋಡಿದೆ. ಬಿಡುತ್ತೇನೆ ಅಂದುಕೊಂಡಷ್ಟೂ ಬೆರಳು ಕಡ್ಡಿಯ ಹಾಗೆ ಸೆಟೆದುಕೊಂಡಿತು. ಹಾಳೆಯ ಮೇಲೆ ಮೂಡಿದ್ದು ಒಂದು ಕರಿಯ ಕಲೆ. ಅವನು ಅದನ್ನು ಪಕ್ಕಕ್ಕಿಟ್ಟು, ಇದನ್ನು ಕಳಿಸಿ ಪ್ರಯೋಜನವಿಲ್ಲ ಎಂದ. ಒಂದಷ್ಟು ದಿನ ನೀರು, ಸೋಪು ಮುಟ್ಟಬಾರದು. ಕೈಗವಸೂ ಬೇಡ, ಒಳಗೆ ಬೆವರಿ ಚರ್ಮ ಮತ್ತೆ ಮೆತ್ತಗಾಗುತ್ತದೆ. ಕ್ರೀಮು ಹಚ್ಚಿ ಸುಮ್ಮನಿದ್ದರೆ ಗೆರೆ ಏಳಬಹುದು. ಮತ್ತೆ ಬರುವ ದಿನವನ್ನು ಅವನೇ ಗೊತ್ತು ಮಾಡಿದ. ಅದು ತಪ್ಪಿದರೆ ವಿಚಾರಣೆಯೊಳಗೆ ಆಗುವುದಿಲ್ಲವೆಂದು ನಾನು ಲೆಕ್ಕ ಹಾಕಿಕೊಂಡೆ.

ಕೆಲಸಕ್ಕೆ ರಜೆ ಸಿಕ್ಕಿತು. ಕಷ್ಟವಿದ್ದದ್ದು ಮನೆಯಲ್ಲಿ. ಅತ್ತೆಯ ಬಲಭಾಗ ಬಿದ್ದುಹೋಗಿ ವರ್ಷವಾಗಿತ್ತು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. ನನ್ನ ಕೈ ಬಿಟ್ಟು ಬೇರೆ ಯಾರ ಕೈಯನ್ನೂ ಅವರು ಮೈಮೇಲೆ ಸೇರಿಸುತ್ತಿರಲಿಲ್ಲ. ಹಿಂದೊಮ್ಮೆ ಮನೆಗೇ ಬಂದು ನೋಡಿಕೊಳ್ಳುವ ದಾದಿಯನ್ನು ಕರೆಸಿದ್ದೆವು. ಅವಳು ಗುಂಡಿ ಬಿಚ್ಚಲು ಬಗ್ಗಿದಾಗ ಅತ್ತೆ ಎಡಗೈಯಲ್ಲಿ ಎದೆಯ ಬಟ್ಟೆಯನ್ನು ಬಿಗಿಯಾಗಿ ಹಿಡಿದವರು ಅವಳು ಬಾಗಿಲು ದಾಟುವವರೆಗೂ ಬಿಟ್ಟಿರಲಿಲ್ಲ.

ವಿಷಯ ತಿಳಿದಾಗ ಅತ್ತೆ ನನ್ನ ಬೆರಳನ್ನು ಎಡಗೈಯಲ್ಲಿ ಹಿಡಿದು, ಅಂಗಡಿಯಲ್ಲಿ ಬಟ್ಟೆ ಮುಟ್ಟಿ ನೋಡುವ ಹಾಗೆ ಹೆಬ್ಬೆರಳಲ್ಲಿ ಉಜ್ಜಿದರು.

"ನುಣ್ಣಗಿದೆಯಲ್ಲೇ, ಹೊಸ ಲೋಟದ ಥರ. ನನ್ನ ತಿಕ್ಕಿ ತಿಕ್ಕಿ ಹೀಗಾಯ್ತಾ?"

"ಆಸ್ಪತ್ರೆ ಬಟ್ಟೆ ಅತ್ತೆ. ನಿಮ್ಮಿಂದಲ್ಲ."

"ಸುಳ್ಳು ಹೇಳಿದ್ರೂ ನೀಟಾಗಿ ಹೇಳ್ತೀಯ. ಓದಿದವಳು." ಮಗನ ಕಡೆ ತಿರುಗಿದರು. "ನಾಳೆಯಿಂದ ನೀನು ಮಾಡು. ಇವಳು ನನ್ನ ಮುಟ್ಟೋದು ಬೇಡ."

ಇವರು ತಲೆ ತಗ್ಗಿಸಿದರು. "ನಾನು ಹೇಗಮ್ಮ..."

"ನಿನ್ನ ಕುಂಡೆ ತೊಳೆದೇ ನನ್ನ ರೇಖೆ ಅಳಿಸಿಹೋಗಿದ್ದು. ಆವಾಗ ನನಗೆ ಯಾರೂ ರಜಾ ಕೊಡಲಿಲ್ಲ. ಆ ಮಗು ಅಲ್ಲಿ ಕಾಯ್ತಾ ಇದೆ. ನಾಚಿಕೆ ಎಲ್ಲ ಆಮೇಲೆ ಪಡ್ಕೊಳ್ಳೋಣ."

ಮಾತೇನೋ ಧೈರ್ಯದ್ದೇ. ಮರುದಿನ ಬೆಳಿಗ್ಗೆ ಬಚ್ಚಲಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದ ಕೂಡಲೇ, "ದೀಪ ಆರಿಸು," ಎಂದರು. ಆರಿಸಿದೆ. ಕಿಟಕಿಯಿಲ್ಲದ ಬಚ್ಚಲು. ನಡುಮನೆಯ ಬೆಳಕು ಬಾಗಿಲಿನ ಸಂದಿಯಿಂದ ಬಂದಷ್ಟೇ. ಅತ್ತೆ ಕಣ್ಣು ಮುಚ್ಚಿಕೊಂಡರು. ಇವರು ಆ ಮಬ್ಬಿನಲ್ಲಿ ಮಗ್ಗು ಹಿಡಿದು, ಮೊದಲು ಎಲ್ಲಿಗೆ ನೀರು ಹಾಕಬೇಕೆಂದು ತಿಳಿಯದೆ ನಿಂತರು.

ನಾನು ಹೊಸ್ತಿಲಲ್ಲಿ ನಿಂತು ಮೊಣಕೈಯಿಂದ ನೀರಿನ ಬಿಸಿ ನೋಡಿದೆ. ಮೊಣಕೈ ಒದ್ದೆಯಾದರೆ ಚಿಂತೆಯಿಲ್ಲ. ಆಮೇಲೆ ಮಾತಿನಲ್ಲೇ ಸ್ನಾನ ಮಾಡಿಸಿದೆ. ಮೊದಲು ಕಾಲಿಗೆ ಹಾಕಿ, ಅಭ್ಯಾಸವಾಗಲಿ. ಕಿವಿಯ ಹಿಂದೆ. ಬಲಗೈಯನ್ನು ಎಳೆಯಬೇಡಿ, ಕೆಳಗಿನಿಂದ ಎತ್ತಿ. ಬೆರಳ ಸಂದಿ. ಸೋಪು ಸಾಕು. ನನ್ನ ಕೈಗೆ ಕಣ್ಣು ಮುಚ್ಚಿಯೂ ಗೊತ್ತಿದ್ದುದನ್ನು ಬಾಯಲ್ಲಿ ಹೇಳಲು ಹೋದಾಗ ಅರ್ಧಕ್ಕರ್ಧ ಸಿಗಲಿಲ್ಲ. ಹತ್ತು ನಿಮಿಷದ ಸ್ನಾನ ಎಷ್ಟೋ ಹೊತ್ತಾಯಿತು. ಕೊನೆಗೆ ಅತ್ತೆಯ ಹಲ್ಲು ಕಟಕಟ ಎನ್ನುತ್ತಿತ್ತು.

"ಚಳಿಯಾ ಅಮ್ಮ?"

"ಇಲ್ಲಪ್ಪ, ಹಾಡು ಹೇಳ್ತಿದೀನಿ."

ನಿಧಾನವಾಗಿ ಇವರ ಕೈ ಪಳಗಿತು. ಅತ್ತೆಯ ಕಣ್ಣು ಮಾತ್ರ ಒಂದು ದಿನವೂ ತೆರೆಯಲಿಲ್ಲ. ಬಟ್ಟೆ ಹಾಕಿಸಿ ಮಂಚಕ್ಕೆ ತಂದ ಮೇಲೆ ಕಣ್ಣು ಬಿಟ್ಟು, "ಎಲ್ಲಿ, ಕೊಡು," ಎಂದು ನನ್ನ ಬೆರಳನ್ನು ತೆಗೆದುಕೊಂಡು ಉಜ್ಜಿ ನೋಡುತ್ತಿದ್ದರು. "ಇನ್ನೂ ಇಲ್ಲ." ಮಾರನೆಯ ದಿನ, "ತೋರುಬೆರಳಲ್ಲಿ ಏನೋ ತಗಲ್ತಾ ಇದೆ." ಅದೊಂದೇ ಹೊತ್ತು ನಾನು ಅವರನ್ನು ಮುಟ್ಟುತ್ತಿದ್ದುದು.

ಆಮೇಲೆ ಕೆಮ್ಮು ಶುರುವಾಯಿತು. ಮೊದಲು ಗಂಟಲಲ್ಲಿತ್ತು, ಎದೆಗಿಳಿಯಿತು, ಜ್ವರ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ಶ್ವಾಸಕೋಶಕ್ಕೆ ಸೋಂಕು ಹತ್ತಿದೆ ಎಂದರು. ಸ್ನಾನಕ್ಕೆ ಹೊತ್ತು ಹಿಡಿಯುತ್ತಿತ್ತು, ಥಂಡಿಯಾಗಿ ಹೀಗಾಗಿರಬಹುದೇ ಎಂದು ಇವರು ಕೇಳಿಯೇಬಿಟ್ಟರು. ತಿಂಗಳುಗಟ್ಟಲೆ ಮಲಗಿದವರಿಗೆ ಇದು ಬರುತ್ತದೆ, ಇಂಥದ್ದರಿಂದಲೇ ಎಂದು ಹೇಳಲಾಗದು ಎಂದರು ಡಾಕ್ಟರು. ಅವರ ಉತ್ತರವನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ತಿರುಗಿಸಿ ನೋಡಿದರೂ ಅದರಲ್ಲಿ ಇಲ್ಲ ಎಂಬ ಮಾತು ಸಿಗಲಿಲ್ಲ.

ಕೊನೆಯ ದಿನ ಅತ್ತೆ ಉಸಿರಿನ ಮುಖವಾಡವನ್ನು ಸರಿಸಿ ಎಡಗೈ ಚಾಚಿದರು. ಬೆರಳು ಕೊಟ್ಟೆ. ಹೆಬ್ಬೆರಳು ಆಡಿಸಲು ಅವರಿಗೆ ಶಕ್ತಿಯಿರಲಿಲ್ಲ, ನಾನೇ ನನ್ನ ಬೆರಳನ್ನು ಆಡಿಸಿದೆ.

"ಬಂದಿದೆ ಕಣೆ," ಎಂದರು. "ಈಗ ಹಾಳು ಮಾಡ್ಕೋಬೇಡ."

ಸಂಜೆಗೆ ಹೋದರು.

ಠಾಣೆಗೆ ಹೋಗಬೇಕಾದದ್ದು ಮರುದಿನ ಬೆಳಿಗ್ಗೆ. ಆಸ್ಪತ್ರೆಯ ಕೆಳಗಿನ ಅಂತಸ್ತಿನಲ್ಲೊಂದು ಟೈಲ್ಸ್ ಹಾಕಿದ ಕೋಣೆ. ಅಲ್ಲಿನ ಆಳು, ಮನೆಯವರೇ ತೊಳೆಯುವುದಾದರೆ ತೊಳೆಯಬಹುದು, ಇಲ್ಲವಾದರೆ ತಾವು ಮಾಡುತ್ತೇವೆ ಎಂದ. ನಾನು ತೋಳು ಮಡಚಿದೆ. ಇವರು ನನ್ನ ಮಣಿಕಟ್ಟು ಹಿಡಿದರು.

"ಬೇಡ. ನಾಳೆ ಹೋಗ್ಬೇಕು ನೀನು."

"ಇದೊಂದು ಸಲ."

"ಅಮ್ಮ ಅದಕ್ಕಾಗಿ ತಾನೇ ಇಷ್ಟು ದಿನ..."

ನಾನು ಅತ್ತೆಯ ಮುಖ ನೋಡಿದೆ. ಹನ್ನೊಂದು ವರ್ಷ ನನ್ನ ಅಡುಗೆಯನ್ನು ಆಡಿಕೊಂಡ ಬಾಯಿ. ಆಮೇಲೆ ಮಗುವನ್ನು ನೆನೆದೆ. ಅಪರಿಚಿತರ ಮುಂದೆ ತಲೆ ಬಾಚಿಸಿಕೊಂಡು ಕೂತು, ಯಾರು ಕರೆದರೆ ಅವರ ಹಿಂದೆ ಹೋಗಬೇಕಾದ ಮಗು. ತೋಳನ್ನು ಕೆಳಗಿಳಿಸಿದೆ.

ಕೋಣೆಯಲ್ಲಿ ಬೆಳಕು ಬಹಳವಿತ್ತು. ಕಡಿಮೆ ಮಾಡಿ ಎಂದು ಆಳಿಗೆ ಹೇಳಿದೆ. ಅವನು ಒಂದೇ ದೀಪ ಬಿಟ್ಟು ಉಳಿದದ್ದನ್ನು ಆರಿಸಿ ಹೊರಗೆ ಹೋದ. ನೀರು ತುಂಬಿದ ಮೇಲೆ ನಾನು ಬಗ್ಗಿ ಮೊಣಕೈ ಅದ್ದಿದೆ. ಬಿಸಿ ಹೆಚ್ಚಿತ್ತು. ತಣ್ಣೀರು ಬೆರೆಸಿ ಎಂದೆ. ಇವರು ನನ್ನ ಮುಖವನ್ನೊಮ್ಮೆ ನೋಡಿ ಬೆರೆಸಿದರು.

"ಮೊದಲು ಕಾಲಿಗೆ," ಎಂದೆ.

ಇವರಿಗೆ ಈಗ ಹೇಳಿಕೊಡುವ ಅಗತ್ಯವಿರಲಿಲ್ಲ. ಬಲಗೈಯನ್ನು ಕೆಳಗಿನಿಂದಲೇ ಎತ್ತಿದರು. ಆದರೂ ನಾನು ಹೇಳುತ್ತ ಹೋದೆ, ಕಿವಿಯ ಹಿಂದೆ, ಬೆರಳ ಸಂದಿ, ಹಿಮ್ಮಡಿ. ನಿಲ್ಲಿಸಿದರೆ ಅತ್ತೆಗೆ ನಾನು ಮಾಡಬಹುದಾದದ್ದು ಇನ್ನೇನೂ ಉಳಿಯುತ್ತಿರಲಿಲ್ಲ.

ಬೆಳಿಗ್ಗೆ ಬೆರಳಚ್ಚಿನವನು ಮಸಿ ಸವರಿ ಬೆರಳನ್ನು ಉರುಳಿಸಿದ. ಒಂದಾದ ಮೇಲೆ ಒಂದು, ಹತ್ತೂ ಮೂಡಿದವು. ನನ್ನ ಕೈ ಅವನ ಕೈಯಲ್ಲಿ ಯಾರದೋ ವಸ್ತುವಿನ ಹಾಗೆ ಬಿದ್ದಿತ್ತು.

"ಇವತ್ತು ಕೈ ಬಿಟ್ಟಿದ್ದೀರಿ," ಎಂದ ಮೆಚ್ಚುಗೆಯಿಂದ. "ಅಚ್ಚುಕಟ್ಟಾಗಿ ಬಂದಿದೆ ನೋಡಿ. ಮನೇಲಿ ಯಾರಾದ್ರೂ ಸಹಾಯ ಮಾಡಿದ್ರಾ?"

"ಅತ್ತೆ ಮಾಡಿದ್ರು."

"ಪುಣ್ಯವಂತರು ನೀವು. ಅಲ್ಲಿ ನಲ್ಲಿ ಇದೆ, ಇನ್ನು ಕೈ ತೊಳ್ಕೊಬಹುದು."

ತೊಳೆಯಲಿಲ್ಲ. ಮಸಿಯ ಕೈಯಲ್ಲೇ ಹೊರಗೆ ಬಂದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಇವರು, "ಬಂತಾ?" ಎಂದರು. ಬಂತು ಎಂದೆ.

ವಿಚಾರಣೆಯೊಳಗೆ ಪೊಲೀಸರ ಪತ್ರ ಸೇರಿತು. ಮಗುವನ್ನು ನಮಗೆ ಕೊಡುತ್ತೇವೆಂದು ಕೋರ್ಟು ಹೇಳಿದ ದಿನ ನಿಲಯದವರು ಅವಳ ಕೈಗೆ ಫೋನು ಕೊಟ್ಟರು. ವಿಷಯ ಅವಳಿಗೆ ತಿಳಿದಿತ್ತು. ಕುಣಿಯಲೂ ಇಲ್ಲ, ಅಳಲೂ ಇಲ್ಲ. ಅನುಭವಸ್ಥೆಯ ಹಾಗೆ ಒಂದೊಂದೇ ಪ್ರಶ್ನೆ ಕೇಳಿದಳು. ಸ್ಕೂಲು ದೂರವಾ, ದೊಡ್ಡಪ್ಪ ಬೈತಾರಾ.

"ದೊಡ್ಡಮ್ಮ, ನಾನೆಲ್ಲಿ ಮಲಗೋದು?"

ನಮ್ಮ ಮನೆಯಲ್ಲಿರುವುದು ಎರಡೇ ಕೋಣೆ.

"ನಿನಗೆ ಒಂದು ಕೋಣೆ ಇದೆ ಪುಟ್ಟಿ."

"ನಂಗೊಬ್ಬಳಿಗೇನಾ?" ಎಂದಳು.

ಅತ್ತೆಯ ಕೋಣೆಯಲ್ಲಿ ಇವರು ಮಂಚದ ಹಾಸಿಗೆಯನ್ನು ಮಗುಚಿ ಹಾಕುತ್ತಿದ್ದರು. ನಾನು ಹೂಂ ಎಂದೆ.